ಡಿಜಿಟಲ್ ಪೇಂಟಿಂಗ್‌ನಲ್ಲಿ ಬೆಳಕು, ವ್ಯಾಲ್ಯೂ, ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಅಂಕಿಗಳ ಬಗ್ಗೆ. ಈ ಪುಟದಲ್ಲಿ 20-55-55 ಎಂಬಂತೆ ಬರೆದಿರುವುದೆಲ್ಲ ಬಣ್ಣ ಆರಿಸುವ ಎಚ್‌ಎಸ್‌ಬಿ ಸ್ಲೈಡರಿನ ಲೆಕ್ಕ. ಮೊದಲನೆಯದು ಹ್ಯೂ, ಅಂದರೆ ಬಣ್ಣ ಯಾವುದೆಂಬುದು, 0ರಿಂದ 360. ಎರಡನೆಯದು ಸ್ಯಾಚುರೇಶನ್, ಅಂದರೆ ಬಣ್ಣ ಎಷ್ಟು ಕಡು, ಎಷ್ಟು ಮಂಕು ಎಂಬುದು. ಮೂರನೆಯದು ಬ್ರೈಟ್‌ನೆಸ್. ಎರಡೂ 0ರಿಂದ 100. ಕ್ರಿಟಾ ಎಂಬ ಪೇಂಟಿಂಗ್ ತಂತ್ರಾಂಶದಲ್ಲಿ ಇದಕ್ಕೆ ಎಚ್‌ಎಸ್‌ವಿ ಎಂಬ ಹೆಸರಿದೆ. ಇವನ್ನು ಶುರು ಮಾಡುವುದಕ್ಕೆ ಹಿಡಿಯಿರಿ. ಪಕ್ಕದ ಬಣ್ಣ ಬದಲಾದರೆ ಇವನ್ನೂ ಬದಲಿಸಬೇಕಾಗುತ್ತದೆ.

ವ್ಯಾಲ್ಯೂ ಅಂದರೆ ಸ್ಲೈಡರಿನಲ್ಲಿರುವ ಬ್ರೈಟ್‌ನೆಸ್ ತಾನೇ?

ಅಲ್ಲ. ಬಣ್ಣ ಯಾವುದೆಂಬುದನ್ನು ಮರೆತು ನೋಡಿದಾಗ ಒಂದು ಜಾಗ ಕಣ್ಣಿಗೆ ಎಷ್ಟು ತಿಳಿ, ಎಷ್ಟು ಗಾಢ ಎಂಬುದೇ ವ್ಯಾಲ್ಯೂ. ಅಪ್ಪಟ ಹಳದಿ 60-100-100, ಅಪ್ಪಟ ನೀಲಿ 240-100-100. ಬ್ರೈಟ್‌ನೆಸ್ ಎರಡಕ್ಕೂ 100. ಆದರೆ ಅಕ್ಕಪಕ್ಕ ಇಟ್ಟು ನೋಡಿ: ಹಳದಿ ಬಿಳಿಗೆ ಹತ್ತಿರ, ನೀಲಿ ಕಪ್ಪಿಗೆ ಹತ್ತಿರ. ಕಣ್ಣಿನ ಲೆಕ್ಕದಲ್ಲಿ ಬೆಳಕನ್ನು 0ರಿಂದ 100ರವರೆಗೆ ಅಳೆದರೆ ಹಳದಿ ಸುಮಾರು 97, ಹಸಿರು 88, ಕೆಂಪು 53, ನೀಲಿ 32. ಪರದೆಯ ಬೆಳಕಿನಲ್ಲಿ ಕಣ್ಣಿಗೆ ಬೀಳುವ ಹೊಳಪಿನ ಬಹುಪಾಲು ಹಸಿರಿನಿಂದ ಬರುತ್ತದೆ, ನೀಲಿಯ ಪಾಲು ಶೇ. 7ರಷ್ಟು ಮಾತ್ರ. ಅದೇ ಇದಕ್ಕೆ ಕಾರಣ.

ಹ್ಯೂ ಸ್ಲೈಡರ್ ಒಂದನ್ನೇ ಸರಿಸಿದರೂ ವ್ಯಾಲ್ಯೂ ಬದಲಾಗಿಬಿಡುತ್ತದೆ ಎಂಬುದನ್ನು ನೆನಪಿಡಿ. ಸರಿಯಾಗಿಯೇ ಇದ್ದ ಚಿತ್ರದಲ್ಲಿ ಸೀರೆಯ ಬಣ್ಣ ಮಾತ್ರ ಬದಲಿಸಿದಾಗ ಇಡೀ ಚಿತ್ರ ಕೆಟ್ಟಂತೆ ಕಾಣುವುದು ಇದರಿಂದಲೇ.

ಗ್ರೇಸ್ಕೇಲ್ ಮಾಡಿ ಪರೀಕ್ಷಿಸುವುದು ಹೇಗೆ?

ಎಲ್ಲದರ ಮೇಲೆ ಒಂದು ಹೊಸ ಲೇಯರ್ (ಚಿತ್ರದ ಮೇಲಿಡುವ ಪಾರದರ್ಶಕ ಹಾಳೆಯಂಥ ಪದರ) ತೆಗೆದು ಪೂರ್ತಿ ಕಪ್ಪು ತುಂಬಿ, ಬ್ಲೆಂಡ್ ಮೋಡನ್ನು (ಕೆಳಗಿನ ಪದರದೊಂದಿಗೆ ಬೆರೆಯುವ ಬಗೆ) ‘ಕಲರ್’ಗೆ ಬದಲಿಸಿ. ಚಿತ್ರ ಕಪ್ಪು-ಬಿಳುಪಾಗುತ್ತದೆ. ಬೇಕಾದಾಗ ಆ ಲೇಯರಿನ ಪಕ್ಕದ ಕಣ್ಣಿನ ಗುರುತು ಒತ್ತಿ ತೋರಿಸಿ, ಉಳಿದಂತೆ ಮುಚ್ಚಿಡಿ. ಫೋಟೋಶಾಪ್, ಪ್ರೊಕ್ರಿಯೇಟ್, ಐಬಿಸ್‌ಪೇಂಟ್ ಮೂರರಲ್ಲೂ ಇದು ನಡೆಯುತ್ತದೆ. ಕ್ರಿಟಾದಲ್ಲಿ ‘ಡಿಸ್ಯಾಚುರೇಟ್’ ಫಿಲ್ಟರ್ ಲೇಯರ್ ಹಾಕಿ, ಅದರಲ್ಲಿ ಲ್ಯುಮಿನಾಸಿಟಿ ಆಯ್ಕೆ ಮಾಡಿದರೆ ಸಾಕು.

ಹ್ಯೂ-ಸ್ಯಾಚುರೇಶನ್ ಪೆಟ್ಟಿಗೆ ತೆರೆದು ಸ್ಯಾಚುರೇಶನ್ ಅನ್ನು –100ಕ್ಕೆ ಇಳಿಸಬೇಡಿ. ಫೋಟೋಶಾಪಿನಲ್ಲಿ ಹಾಗೆ ಮಾಡಿದರೆ ಅಪ್ಪಟ ಕೆಂಪು, ಹಳದಿ, ನೀಲಿ ಮೂರೂ ಒಂದೇ ಬೂದು ಆಗುತ್ತವೆ. ಅದನ್ನು ನಂಬಿ ತಿದ್ದಲು ಹೊರಟರೆ ಸರಿಯಿದ್ದದ್ದೂ ಕೆಡುತ್ತದೆ.

‘ಕಲರ್’ ಮೋಡ್ ಕೂಡ ಕಡುನೀಲಿಯನ್ನು ನಿಜಕ್ಕಿಂತ ಗಾಢವಾಗಿ ತೋರಿಸುತ್ತದೆ. ಚಿತ್ರದಲ್ಲಿ ನೀಲಿ ಹೆಚ್ಚಿದ್ದರೆ ಫೋಟೋಶಾಪಿನ ವ್ಯೂ ಮೆನುವಿನಲ್ಲಿ ಪ್ರೂಫ್ ಸೆಟಪ್, ಅದರೊಳಗೆ ಕಸ್ಟಮ್‌ಗೆ ಹೋಗಿ ‘ಎಸ್‌ಗ್ರೇ’ ಆರಿಸಿ. ಆಮೇಲೆ ಕಂಟ್ರೋಲ್ ಮತ್ತು ವೈ ಒತ್ತಿದಾಗಲೆಲ್ಲ ಕಣ್ಣಿನ ಲೆಕ್ಕಕ್ಕೆ ಹೆಚ್ಚು ಹತ್ತಿರವಾದ ಬೂದುಚಿತ್ರ ಸಿಗುತ್ತದೆ.

ನೇರವಾಗಿ ಬಣ್ಣದಲ್ಲೇ ಶುರು ಮಾಡಬಹುದೇ, ಮೊದಲು ಕಪ್ಪು-ಬಿಳುಪೇ ಆಗಬೇಕೇ?

ಪೂರ್ತಿ ಚಿತ್ರವನ್ನು ಕಪ್ಪು-ಬಿಳುಪಿನಲ್ಲಿ ಮುಗಿಸುವ ಅಗತ್ಯವಿಲ್ಲ. ಆದರೆ ಥಂಬ್‌ನೇಲ್, ಅಂದರೆ ಪುಟ್ಟ ಕರಡು ಚಿತ್ರದ ಹಂತವನ್ನು ಬಿಡಬೇಡಿ. 400×250 ಪಿಕ್ಸೆಲಿನ ನಾಲ್ಕು ಚೌಕಟ್ಟು ಹಾಕಿಕೊಳ್ಳಿ. ಹಾರ್ಡ್ ರೌಂಡ್ ಬ್ರಷ್, ಓಪಾಸಿಟಿ (ಕೆಳಗಿನದನ್ನು ಎಷ್ಟು ಮುಚ್ಚುತ್ತದೆ ಎಂಬುದು) 100, ಒತ್ತಡಕ್ಕೆ ಓಪಾಸಿಟಿ ಬದಲಾಗುವ ಆಯ್ಕೆ ಬಂದ್. ಮೂರೇ ಬೂದು: ಬ್ರೈಟ್‌ನೆಸ್ 20, 50, 80. ಒಂದು ಚೌಕಟ್ಟಿಗೆ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ.

ಮೂರರಲ್ಲಿ ಒಂದು ಬೂದು ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯಬೇಕು, ಇನ್ನೊಂದು ಸ್ವಲ್ಪವೇ ಇರಬೇಕು. ಮೂರಕ್ಕೂ ಸಮಪಾಲು ಕೊಟ್ಟರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಮುಖ್ಯ ವಿಷಯ ಎಲ್ಲಿದೆಯೋ ಅಲ್ಲೇ 20 ಮತ್ತು 80 ಒಂದಕ್ಕೊಂದು ತಾಗಲಿ. ಮೂರು ಬೂದುಗಳಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದ ಚಿತ್ರವನ್ನು ಆಮೇಲೆ ಎಷ್ಟು ಚೆಂದದ ಬಣ್ಣ ಹಾಕಿದರೂ ಎತ್ತುವುದು ಕಷ್ಟ. ವ್ಯಾಲ್ಯೂ ಸರಿಯಿದ್ದರೆ ಮಾತ್ರ ಹ್ಯೂನಲ್ಲಿ ಧಾರಾಳವಾಗಿ ಆಟ ಆಡಬಹುದು. ಮುಖದ ನೆರಳು ಹಸಿರಿರಲಿ, ನೇರಳೆ ಇರಲಿ, ಅದು ಮುಖವಾಗಿಯೇ ಕಾಣುತ್ತದೆ.

ಎಷ್ಟು ಶೇಡಿಂಗ್ ಮಾಡಿದರೂ ಚಿತ್ರ ಚಪ್ಪಟೆಯಾಗಿ ಕಾಣುತ್ತದೆ. ಏಕೆ?

ಹೆಚ್ಚಿನ ಸಲ ಬೆಳಕಿನ ಭಾಗ ಮತ್ತು ನೆರಳಿನ ಭಾಗ ಒಂದರೊಳಗೊಂದು ನುಗ್ಗಿರುತ್ತವೆ. ನೇರ ಬೆಳಕು ಬೀಳುವ ಜಾಗಗಳೆಲ್ಲ ಒಂದು ಗುಂಪು, ಬೀಳದ ಜಾಗಗಳೆಲ್ಲ ಇನ್ನೊಂದು ಗುಂಪು. ಒಂದೇ ಬಣ್ಣದ ವಸ್ತುವಿನಲ್ಲಿ ನೆರಳಿನ ಗುಂಪಿನ ಅತಿ ತಿಳಿ ಜಾಗವೂ ಬೆಳಕಿನ ಗುಂಪಿನ ಅತಿ ಗಾಢ ಜಾಗಕ್ಕಿಂತ ಗಾಢವಾಗಿರಬೇಕು. ಬೂದು ಚೆಂಡೊಂದಕ್ಕೆ ಬ್ರೈಟ್‌ನೆಸ್ ಬೆಳಕಿನ ಕಡೆ 55ರಿಂದ 85, ನೆರಳಿನ ಕಡೆ 18ರಿಂದ 38 ಎಂದು ಇಟ್ಟುಕೊಂಡರೆ ನಡುವೆ 17ರ ಅಂತರ ಉಳಿಯುತ್ತದೆ. ಆ ಅಂತರವೇ ಚೆಂಡಿಗೆ ಗುಂಡುತನ ಕೊಡುವುದು.

ಇದನ್ನು ಕೆಡಿಸುವುದು ಮುಖ್ಯವಾಗಿ ನೆಲದಿಂದ ಪುಟಿದು ಬರುವ ಬೆಳಕು. ಅದು ಚೆಂದ ಕಾಣುತ್ತದೆಂದು ಹೆಚ್ಚು ಹಾಕುತ್ತಾರೆ. 30 ಇರಬೇಕಾದದ್ದು 60 ಆಗುತ್ತದೆ, ನೆರಳು ಒಡೆಯುತ್ತದೆ. ಕಣ್ಣು ಅರೆಮುಚ್ಚಿ ನೋಡಿ. ನೆರಳು ಒಂದೇ ಆಕಾರವಾಗಿ ಕಾಣಬೇಕು. ಚೂರುಚೂರಾಗಿ ಕಂಡರೆ ಪುಟಿದ ಬೆಳಕನ್ನು ಇಳಿಸಿ.

ಬೆಳಕಿನ ಕಡೆಯಲ್ಲೂ ಕೋನದ ಲೆಕ್ಕವಿದೆ. ಬೆಳಕಿಗೆ ನೇರ ಎದುರಾಗಿರುವ ಮೈ ಪೂರ್ತಿ ಬೆಳಕು ಪಡೆಯುತ್ತದೆ, 60 ಡಿಗ್ರಿ ತಿರುಗಿದ ಮೈ ಅರ್ಧ ಮಾತ್ರ. ಹಾಗಾಗಿ ವ್ಯಾಲ್ಯೂ ಮೊದಲು ನಿಧಾನವಾಗಿ, ಅಂಚಿನ ಹತ್ತಿರ ಬೇಗ ಬೇಗ ಇಳಿಯುತ್ತದೆ. ಏರ್‌ಬ್ರಷ್‌ನಿಂದ ಸಮನಾಗಿ ಇಳಿಸಿದ ಗ್ರೇಡಿಯೆಂಟ್ (ತಿಳಿಯಿಂದ ಗಾಢಕ್ಕೆ ಹಂತಹಂತದ ಇಳಿತ) ಪ್ಲಾಸ್ಟಿಕ್ಕಿನಂತೆ ಕಾಣುವುದು ಈ ಲೆಕ್ಕ ತಪ್ಪುವುದರಿಂದ.

ಬಿಸಿಲಿನ ನೆರಳಿಗೆ ನೀಲಿ ಹಾಕಬೇಕು ಎನ್ನುತ್ತಾರೆ. ಎಷ್ಟು ನೀಲಿ?

ನೀವಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಬಿಳಿ ಪಂಚೆಯನ್ನೇ ತೆಗೆದುಕೊಳ್ಳಿ. ಬಿಸಿಲು ಬಿದ್ದ ಜಾಗ 45-6-97. ನೆರಳಿನ ಮಡಿಕೆಯಲ್ಲಿ 220-15-58ರ ಆಸುಪಾಸು. ಸ್ಯಾಚುರೇಶನ್ ಬರೀ 15. ಪಕ್ಕದಲ್ಲಿ ಬೆಚ್ಚನೆಯ ಬಿಳಿ ಇರುವುದರಿಂದ ಅಷ್ಟೇ ನೀಲಿ ಕಣ್ಣಿಗೆ ಸಾಕಷ್ಟು ನೀಲಿಯಾಗಿ ಕಾಣುತ್ತದೆ. ಸ್ಯಾಚುರೇಶನ್ 50 ಇಟ್ಟರೆ ಪಂಚೆಗೆ ನೀಲ ಹೆಚ್ಚಾದಂತೆ ಕಾಣುತ್ತದೆ.

ನೀಲಿ ಬರುವುದು ಆಕಾಶದಿಂದ. ಬಿಸಿಲು ಬೀಳದ ಜಾಗಕ್ಕೆ ಆಕಾಶವೇ ದೀಪ. ಹಾಗಾಗಿ ಮೇಲ್ಮುಖವಾಗಿರುವ ನೆರಳಿನ ಮೈ ಮಾತ್ರ ನೀಲಿ. ಕೆಳಮುಖವಾದ ಮೈ ಕಾಣುವುದು ನೆಲವನ್ನು. ನೆಲ ಕೆಂಪು ಮಣ್ಣಾದರೆ ಅಲ್ಲಿ ನೆರಳು 20-25-50ರಂತೆ ಬೆಚ್ಚಗಿರುತ್ತದೆ. ಮೋಡ ಕವಿದ ದಿನ ನೀಲಿಯೂ ಇಲ್ಲ, ಗಟ್ಟಿ ನೆರಳೂ ಇಲ್ಲ.

ಬಿಸಿಲು-ನೆರಳಿನ ಅಂತರವನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ಸ್ವಚ್ಛ ಆಕಾಶದ ದಿನ ದಟ್ಟ ನೆರಳಿಗೆ ಸಿಗುವ ಬೆಳಕು ಬಿಸಿಲಿನ ಎಂಟನೇ ಒಂದು ಭಾಗದಷ್ಟಕ್ಕೆ ಇಳಿಯಬಹುದು. ಬಿಳಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 80 ಹಿಂದಕ್ಕೆ ಕಳಿಸುತ್ತದೆ, ಹಳೆಯ ಡಾಂಬರು ರಸ್ತೆ ಶೇ. 10–12. ಲೆಕ್ಕ ಹಾಕಿದರೆ ದಟ್ಟ ನೆರಳಿನಲ್ಲಿರುವ ಬಿಳಿ ಪಂಚೆಯೂ ಬಿಸಿಲಿನ ಡಾಂಬರೂ ಹತ್ತಿರ ಹತ್ತಿರ ಒಂದೇ ವ್ಯಾಲ್ಯೂ. ‘ಪಂಚೆ ಬಿಳಿ, ರಸ್ತೆ ಕಪ್ಪು’ ಎಂದು ತಲೆಯಲ್ಲಿರುವುದನ್ನೇ ಬಳಿದರೆ ಬಿಸಿಲು ಕಾಣೆಯಾಗುತ್ತದೆ.

ವಿದೇಶಿ ಪಾಠಗಳಂತೆ ಬೆಳಕು ಹಾಕಿದರೂ ನಮ್ಮ ಊರಿನ ಮಧ್ಯಾಹ್ನ ಬರುವುದಿಲ್ಲ.

ಆ ಪಾಠಗಳಲ್ಲಿ ಹೆಚ್ಚಾಗಿ ಸೂರ್ಯ ಓರೆಯಾಗಿ 45 ಡಿಗ್ರಿಯಲ್ಲಿರುತ್ತಾನೆ. ಕರ್ನಾಟಕ ಪೂರ್ತಿ ಕರ್ಕಾಟಕ ವೃತ್ತಕ್ಕಿಂತ ದಕ್ಷಿಣಕ್ಕಿದೆ, ಹಾಗಾಗಿ ಇಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬರುವ ಶೂನ್ಯ ನೆರಳಿನ ದಿನ ಅದೇ. ಬೇಸಿಗೆಯ ನಡುಹಗಲನ್ನು ಬರೆಯುವಾಗ ಹೀಗೆ ಮಾಡಿ: ನೆರಳು ಕಾಲಬುಡದಲ್ಲೇ ಇರಲಿ. ತಲೆ, ಭುಜ, ಮೂಗಿನ ತುದಿ ಮಾತ್ರ ಉರಿಯಲಿ. ಕಣ್ಣಿನ ಗುಳಿ, ಮೂಗಿನ ಕೆಳಗೆ, ಗಲ್ಲದ ಕೆಳಗೆ ಪೂರ್ತಿ ನೆರಳು. ಗೋಡೆಗಳಿಗೆ ಬಿಸಿಲು ಸವರಿದಂತೆ ತಾಗುತ್ತದೆ, ಅದಕ್ಕೇ ಗಾರೆಯ ಉಬ್ಬುತಗ್ಗು ಎದ್ದು ಕಾಣುತ್ತದೆ. ನೆಲ ಚಿತ್ರದ ಅತಿ ತಿಳಿ ಜಾಗಗಳಲ್ಲಿ ಒಂದು. ಅಲ್ಲಿಂದ ಪುಟಿದ ಬೆಳಕು ಗಲ್ಲದ ಅಡಿಯನ್ನೂ ಸೂರಿನ ಒಳಬದಿಯನ್ನೂ ಬೆಚ್ಚಗೆ ಬೆಳಗುತ್ತದೆ.

ನೆರಳಿನ ಅಂಚು ಎಲ್ಲಿ ಗಟ್ಟಿ, ಎಲ್ಲಿ ಮೆದು?

ಸೂರ್ಯ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ. ಹಾಗಾಗಿ ನೆರಳು ಬೀಳಿಸುವ ವಸ್ತುವಿನಿಂದ ನೆರಳು ಬಿದ್ದ ಜಾಗಕ್ಕೆ 1 ಮೀಟರ್ ದೂರವಿದ್ದರೆ ಅಂಚು ಸುಮಾರು 9 ಮಿಲಿಮೀಟರ್ ಮಸುಕು, 5 ಮೀಟರ್ ಇದ್ದರೆ ಸುಮಾರು 4.5 ಸೆಂಟಿಮೀಟರ್. ಚಪ್ಪಲಿಯ ನೆರಳು ಕತ್ತರಿಸಿದಂತೆ, ತೆಂಗಿನ ಗರಿಯ ನೆರಳು ಮಸುಕು. ಟ್ಯೂಬ್‌ಲೈಟಿನ ಕೆಳಗೆ ಟ್ಯೂಬಿಗೆ ಸಮಾನಾಂತರವಾದ ಅಂಚು ಗಟ್ಟಿ, ಅಡ್ಡವಾದ ಅಂಚು ಮೆದು.

ಬಣ್ಣಗಳು ಕೊಳೆಯಾಗುತ್ತವೆ. ಎಲ್ಲಿ ತಪ್ಪುತ್ತಿದೆ?

ಮೂರು ಕಡೆ ನೋಡಿ.

ಒಂದು, ಬ್ರೈಟ್‌ನೆಸ್ ಇಳಿಸಿಯೇ ನೆರಳು ಮಾಡುವುದು. ಅರಿಶಿನದ ಹಳದಿಯಲ್ಲಿ ಹೀಗೆ ಮಾಡಿದರೆ ಹಸಿರು ಮಿಶ್ರಿತ ಕೊಳೆ ಬರುತ್ತದೆ. 48-85-95ರ ಬಟ್ಟೆಗೆ ನೆರಳು 48-85-50 ಅಲ್ಲ, 32-85-58. ಅಂದರೆ ಹ್ಯೂ ಕಿತ್ತಳೆಯತ್ತ ಜರುಗಬೇಕು.

ಎರಡು, ಎದುರುಬದುರು ಬಣ್ಣಗಳನ್ನು ಸ್ಮಡ್ಜ್ (ಬಣ್ಣ ಒರಸುವ ಸಾಧನ) ಅಥವಾ ಮೆದು ಬ್ರಷ್‌ನಿಂದ ತಿಕ್ಕುವುದು. ಆರ್‌ಜಿಬಿಯಲ್ಲಿ (ಕೆಂಪು, ಹಸಿರು, ನೀಲಿಗಳ ಪಾಲು, ತಲಾ 0ರಿಂದ 255) ಕಿತ್ತಳೆ (255, 128, 0) ಮತ್ತು ನೀಲಿ (0, 128, 255) ಸಮನಾಗಿ ಬೆರೆತರೆ ಬರುವುದು 128, 128, 128, ಅಪ್ಪಟ ಬೂದು. ತಿಕ್ಕುವ ಬದಲು ನಡುವಿನ ಬಣ್ಣವನ್ನು ನೀವೇ ಆರಿಸಿ ಒಂದು ಪಟ್ಟಿ ಬಳಿಯಿರಿ. ಸಂಜೆ ಆಕಾಶದಲ್ಲಿ ಕಿತ್ತಳೆಗೂ ನೀಲಿಗೂ ನಡುವೆ ಮಾಸಲು ಗುಲಾಬಿ, 340-30-75. ಆಮೇಲೆ ಮಾತ್ರ ಅಂಚುಗಳನ್ನು ಬೆರೆಸಿ.

ಮೂರು, ಎಲ್ಲೆಡೆ ಸ್ಯಾಚುರೇಶನ್ ಒಂದೇ ಮಟ್ಟದಲ್ಲಿರುವುದು. ಬಣ್ಣ ಹೊಳೆಯಬೇಕಾದರೆ ಪಕ್ಕದಲ್ಲಿ ಮಂಕು ಬಣ್ಣ ಬೇಕು. ಎಲ್ಲವನ್ನೂ ಏರಿಸುವ ಬದಲು ಹಿನ್ನೆಲೆಯನ್ನು ಇಳಿಸಿ ನೋಡಿ.

ನೆರಳಿಗೆ ಮಲ್ಟಿಪ್ಲೈ ಲೇಯರ್ ಬಳಸಬಾರದೇ?

ಬಳಸಿ, ಆದರೆ ಅದು ಮಾಡುವ ಲೆಕ್ಕ ಗೊತ್ತಿರಲಿ. ಕೆಳಗಿನ ಬಣ್ಣದ ಅಂಕಿಯನ್ನು ಮೇಲಿನದರಿಂದ ಗುಣಿಸಿ 255ರಿಂದ ಭಾಗಿಸುತ್ತದೆ. ಕೆಂಪು ಬಟ್ಟೆ (200, 40, 40) ಮೇಲೆ ನೀಲಿ ಬೂದು (150, 160, 200) ಹಾಕಿದರೆ ಸಿಗುವುದು 118, 25, 31. ತಿಳಿ ಬಣ್ಣಗಳಿಗೆ ಇದು ಚೆನ್ನಾಗಿ ಕೂರುತ್ತದೆ. ಕೂದಲು, ಕಪ್ಪು ಕಂಬಳಿಯಂಥ ಗಾಢ ಜಾಗಗಳು ಮಾತ್ರ ಕಪ್ಪಿನಲ್ಲಿ ಮುಳುಗುತ್ತವೆ. ಅಲ್ಲಿ ಲೇಯರಿನ ಭಾಗವನ್ನು ಮರೆಮಾಡುವ ಲೇಯರ್ ಮಾಸ್ಕಿನಿಂದ ಅರ್ಧದಷ್ಟು ತೆಗೆಯಿರಿ.

ಲೇಯರಿಗೆ ಬೂದು ಬೇಡ, ಬಣ್ಣವಿರಲಿ. ಹೊರಾಂಗಣಕ್ಕೆ 225-25-65ರಿಂದ ಶುರು ಮಾಡಿ. ಇದರ ಮೇಲೆ ನಾರ್ಮಲ್ (ಬೆರೆಯದೆ ಹಾಗೇ ಮುಚ್ಚುವ) ಲೇಯರ್ ತೆಗೆದು ಪುಟಿದ ಬೆಳಕನ್ನೂ, ವಸ್ತು ನೆಲಕ್ಕೆ ತಾಗುವ ಸಂದಿಯ ಗಾಢ ಗೆರೆಯನ್ನೂ ಕೈಯಿಂದ ಬಳಿಯಿರಿ. ಈ ಹಂತ ಬಿಟ್ಟರೆ ನೆರಳು ಬಣ್ಣದ ಕಾಗದ ಅಂಟಿಸಿದಂತೆ ಉಳಿಯುತ್ತದೆ.

ಇನ್ನೊಂದು ತಪ್ಪು ಬಹಳ ಸಾಮಾನ್ಯ: ಮರದ ನೆರಳಿಗೆ ಒಂದು, ಮನೆಯ ನೆರಳಿಗೆ ಒಂದು ಎಂದು ಎರಡು ಮಲ್ಟಿಪ್ಲೈ ಲೇಯರ್. ಅವು ಸೇರಿದ ಕಡೆ ನೆರಳು ಇಮ್ಮಡಿ ಗಾಢವಾಗುತ್ತದೆ. ಸೂರ್ಯ ಒಬ್ಬನೇ, ಒಮ್ಮೆ ತಡೆದ ಬೆಳಕನ್ನು ಮತ್ತೆ ತಡೆಯಲಾಗದು. ಒಂದು ಬೆಳಕಿಗೆ ಒಂದೇ ನೆರಳಿನ ಲೇಯರ್.

ಕಂದು, ಕಪ್ಪು ಮೈಬಣ್ಣ ಬೂದಿ ಬಳಿದಂತೆ ಬರುತ್ತದೆ.

ಬಿಳಿ ಸೇರಿಸಿ ಬೆಳಕು, ಕಪ್ಪು ಸೇರಿಸಿ ನೆರಳು ಮಾಡಿದರೆ ಹಾಗೇ ಆಗುವುದು. ಗಾಢ ಕಂದು ಮೈಗೆ ಹೊರಾಂಗಣದಲ್ಲಿ ಈ ಅಂಕಿಗಳಿಂದ ಹೊರಡಿ: ಬೆಳಕು 22-55-60, ನಡುಬಣ್ಣ 18-62-42, ನೆರಳು 12-65-24. ಬೆಳಕು ಮುಗಿದು ನೆರಳು ಶುರುವಾಗುವ ಗಡಿಯಲ್ಲಿ 14-72-36ರ ಒಂದು ಸಣ್ಣ ಪಟ್ಟಿ ಬಳಿಯಿರಿ. ಚರ್ಮದೊಳಕ್ಕೆ ಹೊಕ್ಕ ಬೆಳಕು ರಕ್ತದ ಬಣ್ಣ ಹೊತ್ತು ಹೊರಬರುವುದರಿಂದ ಅಲ್ಲಿ ಕೆಂಪು ಹೆಚ್ಚು. ತಿಳಿ ಮೈಬಣ್ಣದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ.

ಹೊಳಪಿನ ವಿಚಾರದಲ್ಲೇ ಹೆಚ್ಚು ಜನ ಎಡವುತ್ತಾರೆ. ಚರ್ಮದ ಮೇಲ್ಪದರದಿಂದ ಕನ್ನಡಿಯಂತೆ ಹಿಂದಿರುಗುವ ಬೆಳಕು ಎಲ್ಲ ಮೈಬಣ್ಣಕ್ಕೂ ಹೆಚ್ಚುಕಡಿಮೆ ಒಂದೇ. ಕಪ್ಪು ಮೈಯಲ್ಲಿ ಒಳಗಿನಿಂದ ಬರುವ ಬೆಳಕು ಕಡಿಮೆಯಾದ್ದರಿಂದ ಈ ಹೊಳಪು ಎದ್ದು ಕಾಣುತ್ತದೆ. ಹಣೆ, ಮೂಗಿನ ಏಣು, ಕೆನ್ನೆಯ ಮೂಳೆ, ಕೆಳತುಟಿಯ ನಡು ಇವುಗಳ ಮೇಲೆ ಹೊಳಪಿಗೆ ಬೆಳಕಿನ ಬಣ್ಣ ಹಾಕಿ, ಚರ್ಮದ ಬಣ್ಣವಲ್ಲ. ನೀಲಿ ಆಕಾಶದ ಕೆಳಗೆ 215-10-72, ಹಳದಿ ಬಲ್ಬಿನ ಕೆಳಗೆ 35-25-85. ಕಪ್ಪು ಮೈಯನ್ನು ಚೆಂದವಾಗಿಸಲು ನಡುಬಣ್ಣವನ್ನೇ ತಿಳಿ ಮಾಡುವ ಚಾಳಿ ಬಿಡಿ. ಆ ಮೈಗೆ ಬೇಕಾದ ಬೆಳಕೆಲ್ಲ ಈ ಹೊಳಪಿನಲ್ಲೇ ಇದೆ.

ಹಿತ್ತಾಳೆ ಚೊಂಬು ಹಳದಿ ಮಡಕೆಯಂತೆ ಕಾಣುತ್ತದೆ. ಲೋಹ ತರುವುದು ಹೇಗೆ?

ಮಡಕೆಗೆ ತನ್ನದೇ ಬೆಳಕು-ನೆರಳು ಇದೆ. ಉಜ್ಜಿ ಬೆಳಗಿದ ಚೊಂಬಿಗೆ ಅದು ಇಲ್ಲವೆಂದೇ ಹೇಳಬಹುದು, ಸುತ್ತಲಿನ ಕೋಣೆಯೇ ಅದರ ಮೈಮೇಲೆ ಬಾಗಿ ಕಾಣುತ್ತದೆ. ಹಾಗಾಗಿ ಮೆದು ಗ್ರೇಡಿಯೆಂಟ್ ಬೇಡ. ಕಿಟಕಿಯ ತಿಳಿ ಪಟ್ಟಿ 48-25-98, ಅದಕ್ಕೆ ತಾಗಿಕೊಂಡೇ ಬಾಗಿಲ ಮರೆಯ ಗಾಢ ಪಟ್ಟಿ 30-75-20, ನಡುವೆ ಅಲ್ಲಲ್ಲಿ 42-65-60. ಪಟ್ಟಿಗಳು ಹೊಟ್ಟೆಯ ಮೇಲೆ ಅಗಲ, ಕಂಠದ ಹತ್ತಿರ ಕಿರಿದು, ಅಂಚಿಗೆ ಬಂದಂತೆ ಇನ್ನೂ ಒತ್ತೊತ್ತು. ಚೊಂಬಿನ ಬುಡದಲ್ಲಿ ಅದು ಕೂತಿರುವ ನೆಲದ ಬಣ್ಣವನ್ನು ಹಳದಿಯಾಗಿಸಿ ಹಾಕಿ. ಹಿತ್ತಾಳೆಯಲ್ಲಿ ಹೊಳಪೂ ಹಳದಿಯೇ. ಬಿಳಿ ಹೊಳಪು ಕೊಟ್ಟರೆ ಬಣ್ಣದ ಪ್ಲಾಸ್ಟಿಕ್ ಆಗುತ್ತದೆ, ಏಕೆಂದರೆ ಹೊಳಪು ಬೆಳಕಿನ ಬಣ್ಣದಲ್ಲೇ ಉಳಿಯುವುದು ಲೋಹವಲ್ಲದ ವಸ್ತುಗಳಲ್ಲಿ.

ದೀಪದ ಬೆಳಕಿನ ಚಿತ್ರದಲ್ಲಿ ದೀಪ ಉರಿಯುವಂತೆ ಕಾಣುವುದೇ ಇಲ್ಲ.

ಸುತ್ತಲ ಕತ್ತಲೆ ಸಾಲದು. ಹಿನ್ನೆಲೆಯ ಬ್ರೈಟ್‌ನೆಸ್ 25ರ ಒಳಗಿರಲಿ, ಚಿತ್ರದ ಬಹುಪಾಲು ಅಲ್ಲೇ ಇರಲಿ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 20 ಸೆಂಟಿಮೀಟರ್ ದೂರದ ಕೈಗೆ ಸಿಗುವ ಬೆಳಕಿನ ಕಾಲು ಭಾಗ ಮಾತ್ರ 40 ಸೆಂಟಿಮೀಟರ್ ದೂರದ ಮುಖಕ್ಕೆ. ಕೈ, ಮುಖ, ಗೋಡೆ ಮೂರನ್ನೂ ಸಮನಾಗಿ ಬೆಳಗಿದರೆ ಅದು ದೀಪವಲ್ಲ, ಕೋಣೆಯ ಬಲ್ಬು.

ಮೈಸೂರಿನ ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಹತ್ತಿರದಿಂದ ನೋಡಿ. ರವಿವರ್ಮನದೆಂದು ಹಲವರು ತಿಳಿದಿರುವ ಅದು ಎಸ್.ಎಲ್. ಹಲ್ದಂಕರ್ ಅವರ ಜಲವರ್ಣ. ದೀಪಕ್ಕೆ ಮರೆ ಹಿಡಿದ ಕೈಬೆರಳುಗಳಲ್ಲಿ ಬೆಳಕು ತೂರಿ ಕೆಂಪಾಗಿರುವುದೇ ದೀಪ ಉರಿಯುತ್ತಿದೆ ಎಂದು ನಂಬಿಸುತ್ತದೆ. ಡಿಜಿಟಲ್‌ನಲ್ಲಿ ಆ ಬೆರಳಂಚಿಗೆ 10-85-85, ನಾರ್ಮಲ್ ಲೇಯರಿನಲ್ಲಿ. ಜ್ವಾಲೆಯ ನಡು 50-20-100, ಹೊರಗೆ 35-80-98. ಕೊನೆಗೆ ಕೆಳಗಿನದನ್ನು ತಿಳಿಯಾಗಿಸುವ ‘ಆ್ಯಡ್’ ಅಥವಾ ‘ಸ್ಕ್ರೀನ್’ ಲೇಯರಿನಲ್ಲಿ ದೊಡ್ಡ ಮೆದು ಬ್ರಷ್, ಕಿತ್ತಳೆ, ಓಪಾಸಿಟಿ 10–15, ಒಂದೆರಡು ಸಲ ಮಾತ್ರ. ಹೊಳಪನ್ನು ಜೋರಾಗಿ ಏರಿಸುವ ಕಲರ್ ಡಾಡ್ಜ್ ಮೋಡನ್ನು ಇಡೀ ಮುಖಕ್ಕೆ ಹರಡಿದರೆ ಕಟ್ಟಿದ ವ್ಯಾಲ್ಯೂಗಳೆಲ್ಲ ತೊಳೆದುಹೋಗುತ್ತವೆ.

ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಹಾಕಿದರೆ ಹಳೆಯ ಫೋಟೋಗೆ ಬಣ್ಣ ಹಚ್ಚಿದಂತಾಗುತ್ತದೆ.

‘ಕಲರ್’ ಲೇಯರ್ ಬೆಳಕಿಗೂ ನೆರಳಿಗೂ ಒಂದೇ ಹ್ಯೂ ಕೊಡುತ್ತದೆ, ಅದಕ್ಕೆ. ಮೊದಲು ಗ್ರೇಡಿಯೆಂಟ್ ಮ್ಯಾಪ್ (ಪ್ರತಿ ವ್ಯಾಲ್ಯೂಗೂ ಒಂದು ಬಣ್ಣ ಕೊಡುವ ಸಾಧನ) ಹಾಕಿ: ಗಾಢ ತುದಿಗೆ 250-45-18, ನಡುವಿಗೆ 15-45-50, ತಿಳಿ ತುದಿಗೆ 45-15-96, ಓಪಾಸಿಟಿ 60. ಅದರ ಮೇಲೆ ವಸ್ತುಗಳ ಬಣ್ಣ ‘ಕಲರ್’ ಅಥವಾ ‘ಸಾಫ್ಟ್ ಲೈಟ್’ನಲ್ಲಿ. ನಂತರ ನಾರ್ಮಲ್ ಲೇಯರಿನಲ್ಲಿ ಕನಿಷ್ಠ ಅರ್ಧ ಚಿತ್ರವನ್ನಾದರೂ ಗಟ್ಟಿ ಬ್ರಷ್‌ನಿಂದ ಮತ್ತೆ ಬಳಿಯಿರಿ.

ನನ್ನ ಪರದೆಯಲ್ಲಿ ಸರಿ, ಬೇರೆಯವರ ಫೋನಿನಲ್ಲೂ ಪ್ರಿಂಟಿನಲ್ಲೂ ಬೇರೆ. ಏನು ಮಾಡಲಿ?

ಬರೆಯುವಾಗ ನೈಟ್ ಲೈಟ್, ಟ್ರೂ ಟೋನ್, ಫೋನಿನ ‘ವಿವಿಡ್’ ಮೋಡ್ ಎಲ್ಲ ಬಂದ್ ಮಾಡಿ. ಪರದೆಯ ಬೆಳಕು ಪಕ್ಕದಲ್ಲಿಟ್ಟ ಬಿಳಿ ಕಾಗದದಷ್ಟೇ ಇರಲಿ. ತೀರಾ ಹೆಚ್ಚಿದ್ದರೆ ನೀವು ಚಿತ್ರವನ್ನು ಗಾಢವಾಗಿ ಬರೆಯುತ್ತೀರಿ, ಪ್ರಿಂಟ್ ಕಪ್ಪಾಗಿ ಬರುತ್ತದೆ. ಇಂಟರ್ನೆಟ್ಟಿಗೆ ಹಾಕುವ ಕಡತ ಎಸ್‌ಆರ್‌ಜಿಬಿ ಪ್ರೊಫೈಲಿನಲ್ಲೇ ಇರಲಿ. ಐಪ್ಯಾಡಿನ ಡಿಸ್‌ಪ್ಲೇ ಪಿ3 ಎಂಬ, ಇನ್ನೂ ಹೆಚ್ಚು ಬಣ್ಣ ಹಿಡಿಯುವ ಪ್ರೊಫೈಲಿನಲ್ಲಿ ಬರೆದದ್ದನ್ನು ಹಾಗೇ ಹಾಕಿದರೆ ಕೆಲವು ಕಡೆ ಬಣ್ಣ ಮಂಕಾಗುತ್ತದೆ.

ಪ್ರಿಂಟಿಗೆ ಎ4 ಅಳತೆ 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) 2480×3508 ಪಿಕ್ಸೆಲ್. ಪ್ರಿಂಟಿನ ನಾಲ್ಕು ಶಾಯಿಗಳ ಸಿಎಂವೈಕೆಯಲ್ಲಿ ಮೊದಲು ಸಾಯುವುದು ಕಡುನೀಲಿ, ಗಿಳಿಹಸಿರು, ಎದ್ದುಕಾಣುವ ಕಿತ್ತಳೆ. ಪ್ರಿಂಟ್ ಹೇಗೆ ಬರುತ್ತದೆಂದು ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫ್ ಹಾಕಿ ನೋಡಿ, ಆ ಜಾಗಗಳಲ್ಲಿ ಸ್ಯಾಚುರೇಶನ್ ಬದಲು ವ್ಯಾಲ್ಯೂ ಅಂತರದಿಂದ ಎದ್ದು ಕಾಣುವಂತೆ ತಿದ್ದಿ. ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಕಂಡರೆ ಅದು 8 ಬಿಟ್‌ನ 256 ಹಂತಗಳ ಮಿತಿ. 16 ಬಿಟ್‌ನಲ್ಲಿ ಬರೆಯಿರಿ, ರಫ್ತು ಮಾಡುವ ಮೊದಲು ಆಕಾಶದ ಮೇಲೆ ಶೇ. 1–2 ನಾಯ್ಸ್ (ಸಣ್ಣ ಚುಕ್ಕೆಗಳ ಒರಟು) ಸೇರಿಸಿ.